ಜೀರಗಿಯ ವಾರಾನ್ನ

ಓಣಿಯವರೆಲ್ಲ ಸೇರಿ ಒಂದು ಬೆಕ್ಕನ್ನು ಕೊಲ್ಲುತ್ತಿದ್ದರು. ವಿಷ ಹಾಕಿ ಅಲ್ಲ, ತುಪ್ಪ ಹಾಕಿ. ಬೆನ್ನು ಸವರಿ, 'ತಿನ್ನವಾ ನಮ್ಮವ್ವಾ' ಎಂದು ಮುದ್ದು ಮಾಡಿ, ತುತ್ತಿನ ಮೇಲೆ ತುತ್ತು ಕೊಟ್ಟು ಕೊಲ್ಲುತ್ತಿದ್ದರು. ಈ ಪಾಪದಲ್ಲಿ ಮೊದಲ ಪಾಲು ಬೆಕ್ಕಿನ ಯಜಮಾನತಿ ಅಂಬುಬಾಯಿಯದೇ. ಆದರೆ ಅದು ಅವಳಿಗೆ ಗೊತ್ತಾದದ್ದು ಹಿತ್ತಲಿಗೆ ನಾಯಿಗಳು ನುಗ್ಗಿದ ದಿನ.

ಗದಗಿನಲ್ಲಿ ವೀರನಾರಾಯಣನ ಗುಡಿಯ ಬೆನ್ನಿಗಿದ್ದ ಓಣಿಯಲ್ಲಿ ಅಂಬುಬಾಯಿಯ ಮನೆ. ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳು ಮಾಸ್ತರಿಕೆ ಮಾಡುತ್ತಿದ್ದಳು. ಆ ಕಡೆ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ; ಓಣಿಯಲ್ಲಿ ಸಣ್ಣವರು ದೊಡ್ಡವರು ಎನ್ನದೆ ಎಲ್ಲರಿಗೂ ಅವಳು ಅಕ್ಕೋರೇ. ಎತ್ತರದ ಆಳು, ಕಡ್ಡಿಯಂಥ ಮೈ, ಮಳೆಯಿರಲಿ ಬಿಸಿಲಿರಲಿ ಕೈಯಲ್ಲಿ ಒಂದು ಕರಿ ಛತ್ರಿ. ಚಿಕ್ಕ ವಯಸ್ಸಿಗೇ ಗಂಡ ವಾಸುದೇವ ತೀರಿಕೊಂಡಾಗ, 'ಇನ್ನೇನು ಮೂಲೆಯಲ್ಲಿ ಕೂತು ಬತ್ತಿ ಹೊಸೆಯೂದು' ಎಂದು ಬಂಧುಬಳಗ ತೀರ್ಮಾನ ಮಾಡಿಬಿಟ್ಟಿತ್ತು. ಅವಳು ಪೆಟ್ಟಿಗೆ ಕಟ್ಟಿಕೊಂಡು ಧಾರವಾಡಕ್ಕೆ ಹೋಗಿ ಟ್ರೇನಿಂಗು ಮುಗಿಸಿಕೊಂಡೇ ಬಂದಳು. ಆಗುವುದಿಲ್ಲ ಎಂದು ಯಾರಾದರೂ ಅವಳ ಮುಂದೆ ಅಂದರೆ ಸಾಕು, ಮುಗಿಯಿತು, ಆ ಕೆಲಸ ಆಗಿಯೇ ತೀರಬೇಕು. ಒಮ್ಮೆ ಕೊರ್ಲಹಳ್ಳಿಯ ಚುನಾವಣೆ ಕೆಲಸ ಮುಗಿಸಿ ಬರುವಾಗ ಮುಂಡರಗಿ ಬಸ್ಸಿನ ಕಂಡಕ್ಟರ್ 'ಜಾಗಾ ಇಲ್ರೀ' ಎಂದು ಸೀಟಿ ಊದಿದ್ದ. ಅಂಬುಬಾಯಿ ಬಸ್ಸಿನ ಮೂತಿಯ ಮುಂದೆ ಛತ್ರಿ ಊರಿ ನಿಂತುಬಿಟ್ಟಳು. ಜಾಗ ತಾನೇ ಆಯಿತು.

ಇಂಥ ಹೆಂಗಸು ಸೋತದ್ದು ಒಂದು ಬೆಕ್ಕಿಗೆ. ತವರೂರು ಲಕ್ಷ್ಮೇಶ್ವರದಿಂದ ಅವಳು ಅದನ್ನು ಕೈಚೀಲದಲ್ಲಿ ಕೂಡಿಸಿಕೊಂಡು ಬಂದಾಗ ಅದರ ಮೈಮೇಲೆಲ್ಲ ಜೀರಿಗೆ ಚೆಲ್ಲಿದಂತೆ ಕಂದು ಚುಕ್ಕೆಗಳಿದ್ದವು. ಮರಿಯೂ ಅಂಗೈಯಲ್ಲಿ ಹಿಡಿಸುವಷ್ಟೇ ಇತ್ತು. ಅದಕ್ಕೇ ಜೀರಗಿ ಎಂದು ಹೆಸರಿಟ್ಟಳು. ಮಕ್ಕಳಿಲ್ಲದ ಮನೆಯಲ್ಲಿ ಸಂಜೆ ಬೀಗ ತೆಗೆಯುವ ಸದ್ದಿಗೆ ಒಳಗಿನಿಂದ ಒಂದು ಜೀವ 'ಮಿಯಾಂವ್' ಎಂದರೆ ಎಷ್ಟು ಹಿತವಾಗುತ್ತದೆ ಎನ್ನುವುದು ಅವಳಿಗೆ ಜೀರಗಿ ಬಂದ ಮೇಲೆಯೇ ತಿಳಿದದ್ದು.

ಮೂರ್ನಾಲ್ಕು ವರ್ಷ ಕಳೆಯುವುದರೊಳಗೆ ಹೆಸರಿಗೂ ಮೈಗೂ ಸಂಬಂಧವೇ ಉಳಿಯಲಿಲ್ಲ. ಕುಳಿತರೆ ಹೊಟ್ಟೆ ಎರಡೂ ಬದಿಗೆ ಹರಡುತ್ತಿತ್ತು, ನಡೆದರೆ ನೆಲ ಒರೆಸುತ್ತಿತ್ತು. ಬೆನ್ನು ನೆಕ್ಕಿಕೊಳ್ಳಲು ಕುತ್ತಿಗೆ ತಿರುಗಿಸಿದರೆ ಅರ್ಧಕ್ಕೇ ದಣಿದು, ಉಸ್ಸೆಂದು ಉಸಿರು ಬಿಟ್ಟು, ಹೋಗಲಿ ಅತ್ತ ಎನ್ನುವಂತೆ ಬಿಟ್ಟುಬಿಡುತ್ತಿತ್ತು. ನೋಡಿದವರು, 'ಏನ್ ಮೈ ತುಂಬಿಕೊಂಡದರೀ! ಅಕ್ಕೋರ ಕೈಗುಣಾನ ಕೈಗುಣ' ಎನ್ನುತ್ತಿದ್ದರು. ಅಕ್ಕೋರೂ ಅದನ್ನು ಕೇಳಿ ಹಿಗ್ಗುತ್ತಿದ್ದರಲ್ಲ, ಅದಕ್ಕೇನು ಹೇಳುವುದು!

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಆಷಾಢ. ಸಂಜೆ ಹಿತ್ತಲಲ್ಲಿ ಅಂಬುಬಾಯಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ತೆರೆದ ಬಾಗಿಲಿನಿಂದ ಬೀದಿಯ ನಾಯಿಗಳು ನುಗ್ಗಿದವು. ಜೀರಗಿ ತುಳಸಿಕಟ್ಟೆಯ ಬಳಿ ಬಿದ್ದುಕೊಂಡಿತ್ತು. ಎದ್ದು, ಹಿಂದಿನ ಗೋಡೆಗೆ ಓಡಿ, ಜಿಗಿಯಿತು. ಮರಿಯಿದ್ದಾಗ ಆಟಕ್ಕೆಂದು ಹತ್ತಿ ಇಳಿಯುತ್ತಿದ್ದ ಗೋಡೆ ಅದು. ಈ ಸಲ ಉಗುರು ಅರ್ಧ ಗೋಡೆಗೆ ತಾಗಿದ್ದೇ ತಡ, ದೊಪ್ಪನೆ ಕೆಳಗೆ ಬಿತ್ತು. ಒಂದು ನಾಯಿ ತೊಡೆಗೆ ಬಾಯಿ ಹಾಕಿಯೇಬಿಟ್ಟಿತು. ಅಂಬುಬಾಯಿ ಛತ್ರಿ ಮುರಿಯುವವರೆಗೆ ಹೊಡೆದು ಬಿಡಿಸಿದಳು. ಛತ್ರಿ ಹೋದರೆ ಹೋಯಿತು, ಬೆಕ್ಕು ಉಳಿಯಿತು.

ದನದ ದವಾಖಾನೆಯ ಡಾಕ್ಟರು ಚನ್ನಬಸವಣ್ಣ ಗಾಯ ತೊಳೆದು ಔಷಧ ಹಚ್ಚಿದರು. ಆಮೇಲೆ ಜೀರಗಿಯ ಪಕ್ಕೆಯ ಮೇಲೆ ಬೆರಳಾಡಿಸಿ, ಎಲುಬು ಹುಡುಕಿ, ಸಿಗದೆ, ಕನ್ನಡಕ ಮೇಲೇರಿಸಿದರು.

"ಗಾಯದ ಮಾತ ಬಿಡ್ರಿ ಅಕ್ಕೋರ, ಅದು ಮಾಯತೈತಿ. ಈ ಬೆಕ್ಕು ಗ್ವಾಡಿ ಜಿಗಿಯೂದಿಲ್ಲ ಅಂದ್ರ ಮುಂದಿನ ಸಲ ನಾಯಿ ಬಾಯಾಗಿಂದ ಬಿಡಸಾಕ ನೀವು ಅಲ್ಲೇ ಇರತೀರೇನು? ಮೈ ಇಳಸ್ರಿ. ಆದ್ರ ನಿಧಾನಕ, ಹಾಂ? ನಿಧಾನಕ."

ಅಂಬುಬಾಯಿಯ ಕಿವಿಗೆ ಬಿದ್ದದ್ದು 'ಮೈ ಇಳಸ್ರಿ' ಎನ್ನುವುದಷ್ಟೇ. 'ನಿಧಾನಕ' ಎನ್ನುವ ಮಾತು ಅವಳ ಜಾಯಮಾನದ್ದಲ್ಲ, ಅದು ಕಿವಿಯ ಹೊರಗೇ ಉಳಿಯಿತು.

ಮೈ ಇಳಿಸಲು ಅವಳಿಗೆ ಗೊತ್ತಿದ್ದ ದಾರಿ ಒಂದೇ, ಉಪವಾಸ. ತಾನು ಏಕಾದಶಿಗೆ ನೀರು ಬಿಟ್ಟು ಬೇರೇನೂ ಮುಟ್ಟುವವಳಲ್ಲ. ಅದರಿಂದ ತನಗೆ ಒಳ್ಳೆಯದೇ ಆಗಿದೆ ಎನ್ನುವ ನಂಬಿಕೆ. ಆಷಾಢದ ದೊಡ್ಡ ಏಕಾದಶಿ ಮುಂದೆಯೇ ಇತ್ತು. ಆ ದಿನ ಜೀರಗಿಯನ್ನೂ ಒಳಗೆ ಹಾಕಿ, ಕಿಟಕಿ ಬಾಗಿಲು ಭದ್ರ ಮಾಡಿ, "ಇವತ್ತ ನಿನಗೂ ಏಕಾದಶಿ, ಸುಮ್ಮನ ಬಿದ್ದಿರು" ಎಂದಳು. ಬೆಕ್ಕು ಇಡೀ ದಿನ ಮನೆ ಹಾರಿ ಹೋಗುವಂತೆ ಕೂಗಿತು. ಮರುದಿನ ದ್ವಾದಶಿಗೆ ಅಂಬುಬಾಯಿ ಪಾರಣೆ ಮಾಡಿದಳು. ಬೆಕ್ಕಿಗೆ ಮಾತ್ರ, 'ಇನ್ನೊಂದು ದಿನ ತಡಿಲಿ, ಒಮ್ಮೆಗೇ ಇಳೀತದ' ಎಂದು ನೀರಿನ ಬಟ್ಟಲನ್ನಷ್ಟೇ ಇಟ್ಟಳು. ಅದರ ಮರುದಿನ ಕೂಗು ನಿಂತಿತು. ಹಟಮಾರಿ ಹುಡುಗಿಯರೂ ಹೀಗೇ ಕೊನೆಗೆ ಸುಮ್ಮನಾಗುತ್ತಾರೆ, ಹದಕ್ಕೆ ಬಂತು ಅಂದುಕೊಂಡು ಅವಳು ಶಾಲೆಗೆ ಹೋದಳು.

ಸಂಜೆ ಬಂದು ಹಾಲಿಟ್ಟರೆ ಜೀರಗಿ ಮೂಸಿಯೂ ನೋಡಲಿಲ್ಲ. ಅನ್ನ ತುಪ್ಪ ಕಲಸಿ ಬಾಯಿಗಿಟ್ಟಳು, ಮುಖ ತಿರುಗಿಸಿತು. ಎತ್ತಿಕೊಂಡರೆ ಒದ್ದೆ ಬಟ್ಟೆಯಂತೆ ತೋಳಿನ ಮೇಲೆ ಜೋತುಬಿತ್ತು. ಕಿವಿಯ ಒಳಗಡೆ, ಒಸಡಿನ ಮೇಲೆ ಅರಿಸಿನ ಸವರಿದಂಥ ಬಣ್ಣ. ಅಂಬುಬಾಯಿ ಸೆರಗಿನಲ್ಲಿ ಸುತ್ತಿಕೊಂಡು, ಚಪ್ಪಲಿ ಮೆಟ್ಟುವುದನ್ನೂ ಮರೆತು, ದವಾಖಾನೆಗೆ ಓಡಿದಳು.

ಚನ್ನಬಸವಣ್ಣನವರು ಅವಳಿಗೆ ಮರ್ಯಾದೆ ಕೊಡುವುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟರು. "ಅಲ್ರೀ, ನಿಧಾನಕ ಅಂದಿದ್ದೆ ಇಲ್ಲೋ? ಏಕಾದಶಿ ನಿಮಗ. ಬೆಕ್ಕಿಗೆ ಏಕಾದಶಿ ಮಾಡಸಂತ ಯಾವ ಸ್ವಾಮಿಗಳು ಹೇಳ್ಯಾರ? ಮೈ ಬಂದ ಬೆಕ್ಕು ಉಪವಾಸ ಬಿದ್ರ ಇದ್ದ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗತೈತಿ, ಅದು ಕೆಲಸಾನ ಬಿಟ್ಟುಬಿಡತೈತಿ. ಒಂದು ಹೊತ್ತು ಸುದ್ದಾ ಖಾಲಿ ಹೊಟ್ಟೀಲೆ ಇಡಬಾರದು."

"ಉಳೀತದೇನ್ರೀ?"

"ಉಣಿಸ್ರಿ. ಚಮಚಾಲೆ ಒಂದೊಂದ ಹನಿ ಉಣಿಸ್ರಿ. ತಾನಾಗಿ ನೆಕ್ಕಿತು ಅಂದ್ರ ಉಳೀತು. ಇನ್ನೊಂದು ಹೇಳತೇನಿ, ಸಿಟ್ಟಾಗಬ್ಯಾಡ್ರಿ. ಅದು ಮಾಂಸ ತಿನ್ನೂ ಪ್ರಾಣಿ. ನೀವು ಅನ್ನ ತುಪ್ಪ ಹಾಕಿ ಹಾಕಿ ಅದನ್ನ ಮಡಿ ಉಡಿಸೀರಿ. ಅದಕ್ಕ ಬೇಕಾದ್ದು ಸಪ್ಪನ್ನ ಮಾಂಸ, ಒಂದೀಟು ತತ್ತಿ. ಅದೂ ಅಳತೀಲೆ. ಮ್ಯಾಲ ಓಡಾಟ."

ಕೆಲಸಕ್ಕೆ ಸೇರಿದಾಗಿನಿಂದ ರಜೆ ಹಾಕಿರದ ಅಂಬುಬಾಯಿ ಶಾಲೆಗೆ ರಜೆ ಹೇಳಿ ಕಳಿಸಿದಳು. ಡಾಕ್ಟರು ಕೊಟ್ಟ ಔಷಧವನ್ನು ತೆಳು ಗಂಜಿಯಲ್ಲಿ ಕಲಸಿ, ಬೆಕ್ಕಿನ ದವಡೆ ಬಿಡಿಸಿ ಹನಿ ಹನಿ ಬಿಡುತ್ತ ಕುಳಿತಳು. ತನ್ನ ಮೇಲೆ ತನಗೇ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾಯಿ ಕಚ್ಚಿದ್ದು ತೊಡೆಗೆ; ನಾನು ಕಚ್ಚಿದ್ದು ಜೀವಕ್ಕೇ ಎಂದು ಹಲ್ಲು ಕಡಿದಳು. ಸತ್ತರೆ ಕೊಂದವಳು ನಾನೇ, ಬೇರೆ ಯಾರೂ ಅಲ್ಲ. ಹಾಗೆ ಕುಳಿತು ದಿನಗಳು ಹೋದವು. ಒಂದು ಬೆಳಗ್ಗೆ ಚಮಚ ಮುಂದೆ ಹಿಡಿದಾಗ ಜೀರಗಿ ಕಣ್ಣು ತೆರೆದು, ನಾಲಗೆ ಚಾಚಿ, ತಾನೇ ನೆಕ್ಕಿತು. ಅಂಬುಬಾಯಿ ಚಮಚ ನೆಲಕ್ಕಿಟ್ಟು ಗಟ್ಟಿಯಾಗಿ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, "ಇನ್ನ ಮ್ಯಾಲ ಡಾಕ್ಟರು ಹೇಳಿದಂಗ" ಎಂದಳು. ಹೇಳಿದ್ದು ಬೆಕ್ಕಿಗೋ ತನಗೋ, ಎರಡೂ ಒಂದೇ.

ಅಳತೆಗೆಂದು ಒಂದು ಸಣ್ಣ ಹಿತ್ತಾಳೆ ವಾಟಗ ತೆಗೆದಿಟ್ಟಳು. ಬಟ್ಟಲಿಗೂ ಸಣ್ಣದು, ಚಟ್ನಿ ಹಾಕುವಂಥದ್ದು. ಹೊತ್ತಿಗೆ ಅರ್ಧ ವಾಟಗ, ಅದಕ್ಕಿಂತ ಹೆಚ್ಚಿಲ್ಲ. ತುಪ್ಪ ಬಂದ್. ಹೀಗೆ ಬಿಗಿ ಮಾಡಿದರೂ ವಾರಗಳು ಕಳೆದರೂ ಜೀರಗಿಯ ಹೊಟ್ಟೆ ನೆಲ ಬಿಡಲಿಲ್ಲ. ಎಲ್ಲಿಂದಲೋ ಬರುತ್ತಿದೆ ಎಂದು ಅಂಬುಬಾಯಿಗೆ ಖಾತ್ರಿಯಾಯಿತು. ಒಂದು ರವಿವಾರ, ಹೊರಗೆ ಹೋಗುವವಳಂತೆ ಬೀಗ ಹಾಕಿ, ಹೊಸ ಛತ್ರಿ ಬಿಡಿಸಿ, ಬೆಕ್ಕಿನ ಹಿಂದೆಯೇ ನಡೆದಳು.

ಜೀರಗಿ ಮೊದಲು ಹೋದದ್ದು ಪಕ್ಕದ ಯಮುನಾಬಾಯಿಯ ಮನೆಗೆ. ಯಮುನಾಬಾಯಿ ಅಂಬುಬಾಯಿಯ ತಾಯಿಯ ವಯಸ್ಸಿನ ಮುದುಕಿ, ಓಣಿಗೆಲ್ಲ ಮಾವಶಿ, ಎಂದರೆ ಚಿಕ್ಕಮ್ಮ. ದೇವರ ನೈವೇದ್ಯ ಆದ ಕೂಡಲೇ ಅನ್ನದ ಮೇಲೆ ಧಾರಾಳ ತುಪ್ಪ ಸುರಿದು, ತನ್ನ ಎಲೆ ಹಾಕಿಕೊಳ್ಳುವ ಮುಂಚೆ ಜೀರಗಿಗೆ ಬಡಿಸಿದಳು. ಅಲ್ಲಿಂದ ಬೆಕ್ಕು ಓಣಿಯ ತುದಿಯ ಮೈಲಾರಲಿಂಗಪ್ಪನ ಚಹಾದಂಗಡಿಗೆ ಹೋಯಿತು. ಅವನು ಮಿರ್ಚಿ ಭಜಿ ಕರಿಯುವುದನ್ನು ಬಿಟ್ಟು, ಹಾಲಿನ ಪಾತ್ರೆಯ ಕೆನೆಯನ್ನು ಬೆರಳಿನಿಂದ ಎತ್ತಿ ಹಾಕಿದ. ಜೀರಗಿ ತಿಂದು, ಮೀಸೆ ಒರೆಸಿ, ಮತ್ತೆ ಮಾವಶಿಯ ಕಟ್ಟೆಗೆ ಬಂದು ಕುಳಿತಿತು. ಅಲ್ಲಿ ಮೊಸರನ್ನ.

"ಏನ್ ನಡೆಸೀರಿ ಇದನ್ನ?" ಎಂದು ಅಂಬುಬಾಯಿ ನಡುಬೀದಿಯಲ್ಲಿ ಛತ್ರಿ ಊರಿದಳು.

ಮೈಲಾರಲಿಂಗಪ್ಪ ಕೈಯಲ್ಲಿ ಜಾಲರಿ ಹಿಡಿದುಕೊಂಡೇ ಬಂದ. "ಅಲ್ರೀ ಅಕ್ಕೋರ, ನೀವು ದಿನಾ ಸಾಲಿಗೆ ಹೋಗತೀರಿ. ಪಾಪ, ಹಸದಿರತೈತಿ ಅಂತ…"

"ನಾನೂ ಹಂಗ ತಿಳಕೊಂಡಿದ್ದೆ," ಎಂದಳು ಯಮುನಾಬಾಯಿ. "ನೀ ಕಡ್ಡೀ ಹಂಗ ಇದ್ದೀ. ನಿನ್ನ ಮನ್ಯಾಗ ಅದಕ್ಕೇನ್ ಸಿಕ್ಕೀತು ಅಂತ."

ಮೂರೂ ಜನ ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಹೊಟ್ಟೆಯನ್ನು ತುಂಬುತ್ತಿದ್ದರು! ಅಂಬುಬಾಯಿ ಡಾಕ್ಟರ ಮಾತು ಹೇಳಿದಳು, ನಾಯಿ ಕಚ್ಚಿದ ಗಾಯ ತೋರಿಸಿದಳು, ಕೈಮುಗಿದಳು. ಅವರು ಹೂಂ ಎಂದರು. ಮರುದಿನ ಮತ್ತೆ ಹಾಕಿದರು.

"ಏನ್ ಮಾಡ್ಲಿ ಅಂಬೂ," ಎಂದಳು ಮಾವಶಿ, "ನೈವೇದ್ಯ ಆದ ಹೊತ್ತಿಗೆ ಬಾಗಲಿಗೆ ಬಂದ ಜೀವಕ್ಕ ಹೋಗು ಅನ್ನಲೇನು? ಈ ವಯಸ್ಸಿನ್ಯಾಗ ನನಗ ಆ ಪಾಪ ಬ್ಯಾಡ."

ಅಂಬುಬಾಯಿ ಮನೆಗೆ ಬಂದು ದೇವರ ಮನೆಯ ಪಕ್ಕದಲ್ಲಿದ್ದ ಗಂಡನ ಫೋಟೋದ ಮುಂದೆ ನಿಂತಳು. ವಾಸುದೇವ ಕೋಟುಮಚಗಿಯ ಬಡ ಮನೆಯ ಹುಡುಗ. ಗದಗಿಗೆ ಓದಲು ಬಂದಾಗ ಉಂಡದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು, ಹೀಗೆ ವಾರಕ್ಕೊಂದು ದಿನ ಒಂದೊಂದು ಮನೆಯವರು ಬಡ ವಿದ್ಯಾರ್ಥಿಗೆ ಊಟ ಹಾಕುವ ಪದ್ಧತಿ. ಅದರ ಕಟ್ಟುನಿಟ್ಟುಗಳನ್ನು ಅವನು ಮದುವೆಯಾದ ಹೊಸದರಲ್ಲಿ ನಕ್ಕು ನಕ್ಕು ಹೇಳುತ್ತಿದ್ದ. ಅಂಬುಬಾಯಿ ಫೋಟೋ ನೋಡುತ್ತ ನೋಡುತ್ತ, "ಅಯ್ಯ!" ಎಂದು ತನ್ನ ಹಣೆ ತಾನೇ ಬಡಿದುಕೊಂಡಳು. ಉತ್ತರ ಮನೆಯಲ್ಲೇ ಇತ್ತು.

ನೆಟ್ಟಗೆ ಯಮುನಾಬಾಯಿಯ ಮನೆಗೆ ಹೋದಳು.

"ಮಾವಶೀ, ನಮ್ಮವರು ಹುಡುಗರಿದ್ದಾಗ ನಿಮ್ಮ ಮನ್ಯಾಗ ಯಾವ ವಾರ ಉಣ್ತಿದ್ರು?"

ಮುದುಕಿಯ ಮುಖ ಅರಳಿತು. "ಗುರುವಾರ. ವಾಸು ಗುರುವಾರದ ಹುಡುಗ. ಹೆಸರುಬ್ಯಾಳಿ ಪಾಯಸ ಅಂದ್ರ ಪ್ರಾಣ."

"ಬುಧವಾರ ಬಂದಿದ್ರ ಬಡಸ್ತಿದ್ರೇನು?"

"ಹುಚ್ಚೇನು ನಿನಗ? ಬುಧವಾರ ಮಾರ್ತಾಂಡರಾಯರ ಮನೀದು. ನಾ ಬಡಿಸಿದ್ರ ಅವರ ಮನ್ಯಾಗ ಹೊಟ್ಟಿ ತುಂಬ ಹಾಕೂದಿಲ್ಲ ಅಂದಂಗಾತು. ಅವರಿಗೆ ಎಷ್ಟ ಅಪಮಾನ!"

"ಬಾಗಲಿಗೆ ಬಂದು ನಿಂತಿದ್ರ?"

"ನಿಂತ್ರೂ. ಇವತ್ತ ನಿನ್ನ ವಾರ ಇಲ್ಲಿಲ್ಲಪಾ, ಅಲ್ಲಿ ಹೋಗು ಅಂತ ಹೇಳೂದು. ಅದರಾಗ ಪಾಪ ಎಲ್ಲಿ ಬಂತು?"

ಅಂಬುಬಾಯಿ ಸೆರಗಿನ ಮರೆಯಿಂದ ಹಿತ್ತಾಳೆಯ ವಾಟಗ ತೆಗೆದು ಮುದುಕಿಯ ಮುಂದಿಟ್ಟಳು. "ಹಂಗಾರ ಜೀರಗಿಗೂ ನಿಮ್ಮ ಮನ್ಯಾಗ ಗುರುವಾರ ವಾರ ಹಾಕಿಕೊಡ್ರಿ. ಉಳಿದ ದಿನಾ ಬ್ಯಾರೆಯವರ ಮನೀದು. ಅವರಿಗೆ ಅಪಮಾನ ಮಾಡಬ್ಯಾಡ್ರಿ."

ಯಮುನಾಬಾಯಿ ತನ್ನ ಮಾತಿನಲ್ಲಿ ತಾನೇ ಸಿಕ್ಕಿಬಿದ್ದಿದ್ದಳು. "ಭಾಳ ಶಾಣ್ಯಾ ಇದ್ದೀ ನೀ," ಎಂದು ಗೊಣಗಿ, ವಾಟಗವನ್ನು ಕಣ್ಣಿಗೆ ಹತ್ತಿರ ಹಿಡಿದು, "ಇಷ್ಟ ಸಣ್ಣದರಾಗ ಊಟ! ವಾಸುಗ ಇದರಾಗ ಉಪ್ಪಿನಕಾಯಿ ಹಾಕತಿದ್ದೆ" ಎಂದಳು.

ಮೈಲಾರಲಿಂಗಪ್ಪನಿಗೆ ರವಿವಾರ ಬಂತು. ಕೆನೆ ಇಲ್ಲ, ಕುದಿಸಿದ ತತ್ತಿ. "ನನ್ನ ಅಂಗಡೀಗೂ ವಾರಾ ಹಚ್ಚಿದ್ರೇನ್ರೀ ಅಕ್ಕೋರ!" ಎಂದು ಅವನು ಎರಡು ದಿನ ಗಿರಾಕಿಗಳ ಮುಂದೆಲ್ಲ ಹೇಳಿಕೊಂಡ. ಸೋಮವಾರ, ಬುಧವಾರ ತನ್ನ ಮನೆಯಲ್ಲೇ ಎಂದು ಅಂಬುಬಾಯಿ ಇಟ್ಟುಕೊಂಡಳು. ಉಳಿದ ದಿನಗಳಿಗೆ ಬೇಕಾದದ್ದು ಮಾಂಸ. ಅದು ಅವಳ ಒಲೆಯ ಮೇಲೆ ಬೇಯುವಂಥದ್ದಲ್ಲ. ಡಾಕ್ಟರು ಹೇಳಿದ್ದನ್ನು ಬಿಡುವಂಥದ್ದೂ ಅಲ್ಲ.

ಅವಳ ಹಿತ್ತಲ ಗೋಡೆಯ ಆಚೆಗಿದ್ದದ್ದು ಮಾಸುಮಬಿಯ ಮನೆ. ಗಂಡನಿಗೆ ಪೇಟೆಯಲ್ಲಿ ಮಟನ್ ಅಂಗಡಿ. ಒಂದೇ ಗೋಡೆ, ಆದರೂ ಬಾಗಿಲು ಬೇರೆ ಓಣಿಗೆ. ಗೋಡೆಯ ಮೇಲಿನಿಂದ 'ಮಳಿ ಬಂತ್ರಿ, ಬಟ್ಟಿ ತಕ್ಕೋರಿ' ಎನ್ನುವಷ್ಟು ಮಾತಿತ್ತು. ಅಂಬುಬಾಯಿ ಆ ಹೊಚ್ಚಲನ್ನು ಒಂದು ಸಲವೂ ದಾಟಿರಲಿಲ್ಲ. ಆ ಸಂಜೆ ಬೆಕ್ಕನ್ನು ಎತ್ತಿಕೊಂಡು, ಓಣಿ ಸುತ್ತಿಕೊಂಡು ಹೋಗಿ, ಬಾಗಿಲಲ್ಲಿ ನಿಂತಳು. ಮಾಸುಮಬಿ ಗಡಬಡಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಅಯ್ಯ ಅಕ್ಕೋರ! ಏನ್ ಆತ್ರಿ?"

"ನಿಮ್ಮ ಮನ್ಯಾಗ ನನ್ನ ಬೆಕ್ಕಿಗೆ ವಾರ ಬೇಕಾಗೇದ." ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ. ಮಂಗಳವಾರ, ಶುಕ್ರವಾರ, ಶನಿವಾರ; ಉಪ್ಪು ಖಾರ ಇಲ್ಲದ ಬೇಯಿಸಿದ ಮಾಂಸ; ಅರ್ಧ ವಾಟಗ.

ಮಾಸುಮಬಿ ಬೆಕ್ಕನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ವಾರ ಅಂದ್ರ ನಿಮ್ಮ ಮಂದಿ ಮನ್ಯಾಗಿಂದ ಅಲ್ರೀ. ಸಣ್ಣಾಕಿದ್ದಾಗಿಂದ ನೋಡೇನಿ, ತಾಟು ಹಿಡಕೊಂಡ ಹುಡುಗರು ಈ ಓಣಿ ದಾಟಿ ಹೋಗತಿದ್ರು. ನಮ್ಮ ಬಾಗಲಾಗ ಯಾರೂ ನಿಂತಿಲ್ಲ" ಎಂದಳು. ಕೈಚಾಚಿ ಜೀರಗಿಯನ್ನು ತೆಗೆದುಕೊಂಡಳು. "ಇದು ಸಣ್ಣದಿದ್ದಾಗ ಗ್ವಾಡಿ ಜಿಗದು ದಿನಾ ಬರತಿತ್ತು ನೋಡ್ರಿ. ಆಮ್ಯಾಲ ಬರೂದು ಬಿಡ್ತು. ನಮ್ಮನಿ ಸೇರವಲ್ದೇನೋ ಅಂದಕೊಂಡಿದ್ದೆ."

"ಸೇರವಲ್ದು ಅಲ್ಲ. ಜಿಗಿಲಿಕ್ಕೆ ಆಗವಲ್ದು." ಅಂಬುಬಾಯಿ ಹೊಚ್ಚಲು ದಾಟಿ ಒಳಗೆ ಬಂದಳು. ಮಾಸುಮಬಿ ಕೊಟ್ಟ ಮಣೆಯ ಮೇಲೆ ಕುಳಿತಳು. ಮಾಸುಮಬಿ ಹಾಕಿದ ಮಾಂಸವನ್ನು ಬೆಕ್ಕು ತಿನ್ನುವವರೆಗೆ ಕಾದು, ಎತ್ತಿಕೊಂಡು, ಬಂದ ದಾರಿಯಲ್ಲೇ ಎಲ್ಲರ ಕಣ್ಣೆದುರು ವಾಪಸು ಬಂದಳು.

ಓಣಿ ಸುಮ್ಮನಿರುತ್ತದೆಯೇ? ಮರುದಿನವೇ ಯಮುನಾಬಾಯಿ ಬಾಗಿಲಲ್ಲಿ ನಿಂತು ದನಿ ಎತ್ತರಿಸಿದಳು. "ಅಲ್ಲಿ ತಿಂದ ಬಾಯಿಲೆ ನನ್ನ ದೇವರ ನೈವೇದ್ಯಕ್ಕ ಬರಬೇಕೇನು? ನನ್ನ ವಾರ ನಾ ಬಿಟ್ಟೆ. ಇನ್ನ ನನ್ನ ಹೊಚ್ಚಲಾ ತುಳಿಸಬ್ಯಾಡ."

"ಆತು ಮಾವಶಿ, ಗುರುವಾರನೂ ಮೈಲಾರಲಿಂಗಪ್ಪಗ ಕೊಡ್ತೀನಿ," ಎಂದು ಅಂಬುಬಾಯಿ ಬಾಗಿಲು ಹಾಕಿಕೊಂಡಳು. ಮನಸ್ಸಿಗೆ ಚುರುಕೆಂದಿತು, ಸುಳ್ಳೇಕೆ. ಗಂಡನಿಗೆ ಅನ್ನ ಹಾಕಿದ ಕೈ ಅದು. ಆದರೆ ಮಾವಶಿಯ ಮನಸ್ಸು ಉಳಿಸಲು ಹೋದರೆ ಬೆಕ್ಕು ಉಳಿಯುವುದಿಲ್ಲ. ಮುದುಕಿಯ ಸಿಟ್ಟನ್ನು ಸಹಿಸಿಕೊಳ್ಳಬಹುದು, ನಾಯಿಯ ಬಾಯಿಯಲ್ಲಿ ಜೀರಗಿಯನ್ನು ನೋಡುವುದು ಆಗದು.

ಶ್ರಾವಣ ಕಳೆಯಿತು, ಗಣಪತಿ ಬಂದು ಹೋದ. ಜೀರಗಿ ಮನೆಯಿಂದ ಮನೆಗೆ ಅಡ್ಡಾಡುತ್ತ, 'ಇವತ್ತ ನಿನ್ನ ವಾರ ಇಲ್ಲಿಲ್ಲವಾ' ಎನ್ನಿಸಿಕೊಳ್ಳುತ್ತ, ಮುಂದೆ ಹೋಗುತ್ತ, ತಿರುಗಾಡುವುದನ್ನು ಕಲಿಯಿತು. ಆದರೂ ಮೈ ಇಳಿಯಬೇಕಾದಷ್ಟು ಇಳಿಯಲಿಲ್ಲ. ಅಂಬುಬಾಯಿ ವಾಟಗವನ್ನು ಅನುಮಾನಿಸಿದಳು, ಮೈಲಾರಲಿಂಗಪ್ಪನನ್ನು ಜಬರಿಸಿದಳು. ಅವನು ಮೈಲಾರಲಿಂಗನ ಆಣೆ ಇಟ್ಟ. ಒಂದು ದಿನ ಜೀರಗಿಯನ್ನು ಎತ್ತಿಕೊಂಡು ಮುದ್ದಿಸುವಾಗ ಅದರ ಮೀಸೆ ಮೂಗಿಗೆ ತಾಗಿತು. ಘಮ್ಮೆಂದು ತುಪ್ಪ. ಹೊಸದಾಗಿ ಕಾಸಿದ, ವೀಳ್ಯದೆಲೆ ಹಾಕಿದ ತುಪ್ಪ. ಓಣಿಯಲ್ಲಿ ತುಪ್ಪ ಹಾಗೆ ಕಾಸುವವರು ಒಬ್ಬರೇ.

ಅಂಬುಬಾಯಿ ಸೀದಾ ಯಮುನಾಬಾಯಿಯ ಹಿತ್ತಲ ಕಿಟಕಿಗೆ ಹೋದಳು. ಕಿಟಕಿಯ ಕಟ್ಟೆಯ ಮೇಲೆ ಚಿಕ್ಕ ಬಾಳೆ ಎಲೆ, ಅದರ ಮೇಲೆ ಅನ್ನದ ಅಗುಳು. ಒಳಗೆ ಮುದುಕಿ, ಕೈಯಲ್ಲಿ ತುಪ್ಪ ಬಡಿಸುವ ಮಿಳ್ಳೆ.

"ಹೊಚ್ಚಲಾ ತುಳಿಸಬ್ಯಾಡ ಅಂದಿದ್ರಿ."

"ಕಿಡಕಿಗೆ ಹೊಚ್ಚಲ ಎಲ್ಲಿರ್ತದ?" ಎಂದಳು ಯಮುನಾಬಾಯಿ ಸೆಟೆದು. ಮರುಗಳಿಗೆಯೇ ಕಿಟಕಿಗೆ ಹತ್ತಿರ ಬಂದಳು. "ಅಂಬೂ, ಹೇಳ್ತೀನಿ ಕೇಳು. ಆ ಬೆಕ್ಕಿಗೆ ಒಂದ ತುತ್ತು ಹಾಕಲಿಲ್ಲಂದ್ರ ನನಗ ತಾಟಿನ ಮುಂದ ಕೂಡಲಿಕ್ಕೆ ಮನಸ್ಸಾಗೂದಿಲ್ಲ. ಈ ಕೈಯಾಗಿಂದ ಉಂಡವರೆಲ್ಲಾ ಹೋದರು. ವಾಸುನೂ ಹೋದ. ಇನ್ನ ಯಾರಿಗೆ ಬಡಸ್ಲಿ?"

ಅಂಬುಬಾಯಿ ಬೈಯಲೆಂದೇ ಬಂದವಳು. ಕಿಟಕಿಯ ಸರಳು ಹಿಡಿದು ನಿಂತಳು. ಒಳಗೆ ಮುದುಕಿಯ ಕಾಲ ಬಳಿ ಬುಟ್ಟಿ ತುಂಬ ಅರಳೆ, ಅರ್ಧ ಹೊಸೆದ ಬತ್ತಿ, ಗೆಜ್ಜೆವಸ್ತ್ರ. ದಿನದ ಅರ್ಧ ಹೊತ್ತು ಮಾವಶಿಯ ಕೆಲಸ ಅದೇ. ಜೀರಗಿ ಕಿಟಕಿಯಿಂದ ಇಣುಕಿ, ಗಾಳಿಗೆ ಅಲುಗಿದ ಒಂದು ಬತ್ತಿಯನ್ನು ಕಣ್ಣರಳಿಸಿ ನೋಡುತ್ತಿತ್ತು.

"ಬಡಸಬ್ಯಾಡ್ರಿ ಮಾವಶಿ, ಆಡಸ್ರಿ," ಎಂದಳು ಅಂಬುಬಾಯಿ. "ನಿಮ್ಮ ವಾರ ನಿಮಗ ವಾಪಸ್ ಕೊಡ್ತೀನಿ. ಗುರುವಾರ ಒಂದ ದಿನಾ ಅಲ್ಲ, ದಿನಾಲೂ ನಿಮ್ಮದ. ಆದ್ರ ತುಪ್ಪದ್ದಲ್ಲ, ಬತ್ತೀದು. ದಾರಕ್ಕ ಒಂದ ಬತ್ತಿ ಕಟ್ಟಿ ಎಳೀರಿ, ಅದು ಓಡ್ಲಿ. ನಿಮ್ಮ ಕೈಲೇ ಉಳೀಬೇಕು ಈ ಬೆಕ್ಕು. ಒಬ್ಬರನ್ನ ಉಳಿಸಿಕೊಳ್ಳಲಿಕ್ಕೆ ಆಗಲಿಲ್ಲ ನಮಗ. ಇದನ್ನಾದರೂ ಉಳಿಸಿಕೊಳ್ಳೋಣು."

ಯಮುನಾಬಾಯಿ ಬತ್ತಿಯನ್ನು ನೋಡಿದಳು, ಬೆಕ್ಕನ್ನು ನೋಡಿದಳು. ಆಮೇಲೆ ಮಿಳ್ಳೆಯನ್ನು ತುಪ್ಪದ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

ಮರುದಿನದಿಂದ ಓಣಿಗೊಂದು ಹೊಸ ತಮಾಷೆ. ಮಾವಶಿ ಕಟ್ಟೆಯ ಮೇಲೆ ಕುಳಿತು ದಾರ ಎಳೆಯುವುದು, ಜೀರಗಿ ಎದ್ದು ಬಿದ್ದು ಅದರ ಹಿಂದೆ ಓಡುವುದು. ಮೊದಮೊದಲು ಎರಡು ಹೆಜ್ಜೆ ಓಡಿ ಕೂತುಬಿಡುತ್ತಿತ್ತು. "ಏಳವಾ ಸೋಮಾರಿ, ಗುರುವಾರದ ಹುಡುಗ ಇಷ್ಟ ಮೈಗಳ್ಳ ಇರಲಿಲ್ಲ!" ಎಂದು ಮುದುಕಿ ಬೈಯುತ್ತಿದ್ದಳು. ಕ್ರಮೇಣ ದಾರ ಕಟ್ಟೆ ಹತ್ತಿತು, ಕಟ್ಟೆಯಿಂದ ಕಿಟಕಿ ಹತ್ತಿತು, ಬೆಕ್ಕೂ ಹತ್ತಿತು. ದೀಪಾವಳಿಯ ಹೊತ್ತಿಗೆ ಚನ್ನಬಸವಣ್ಣನವರು ಪಕ್ಕೆಯ ಮೇಲೆ ಬೆರಳಾಡಿಸಿ, "ಎಲುಬು ಸಿಕ್ಕವು ನೋಡ್ರಿ ಅಕ್ಕೋರ" ಎಂದು ನಕ್ಕರು. ಅಂಬುಬಾಯಿ ಮಾತ್ರ ನಗಲಿಲ್ಲ. ಕಟ್ಟೆ ಬೇರೆ, ಗೋಡೆ ಬೇರೆ. ಹಿತ್ತಲ ಗೋಡೆಯನ್ನು ಜೀರಗಿ ಒಮ್ಮೆಯೂ ಹತ್ತಿರಲಿಲ್ಲ. ಬಿದ್ದ ನೆನಪಿಗೋ ಏನೋ, ಅದರ ಬುಡಕ್ಕೂ ಹೋಗುತ್ತಿರಲಿಲ್ಲ. ಮಾಸುಮಬಿಯ ವಾರ ಬಂದಾಗಲೆಲ್ಲ ಅಂಬುಬಾಯಿಯೇ ಎತ್ತಿಕೊಂಡು ಓಣಿ ಸುತ್ತಬೇಕಾಗಿತ್ತು.

ಮಾಗಿಯ ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಂದ ಅಂಬುಬಾಯಿ ಹಿತ್ತಲಲ್ಲಿ ಸಂಡಿಗೆ ಒಣಹಾಕಿ ಕುಳಿತಿದ್ದಳು. ಯಮುನಾಬಾಯಿ ಬಿಸಿಲಿಗೆಂದು ಬಂದು ತುಳಸಿಕಟ್ಟೆಗೆ ಒರಗಿ ಬತ್ತಿ ಹೊಸೆಯುತ್ತಿದ್ದಳು. ಮುದುಕಿ ಬರುವಾಗ ಹಿತ್ತಲ ಬಾಗಿಲು ಹಾಕುವುದನ್ನು ಮರೆತಿದ್ದಳು. ಜೀರಗಿ ಇಬ್ಬರ ನಡುವೆ ಬಿಸಿಲು ಕಾಯಿಸುತ್ತ ಮಲಗಿತ್ತು.

ನಾಯಿಗಳು ಒಮ್ಮೆಲೇ ಬಂದವು. ಅಂಬುಬಾಯಿ ಛತ್ರಿಗೆ ಕೈ ಚಾಚಿದಳು, ಛತ್ರಿ ಒಳಗಿತ್ತು. ಅವಳು ಎದ್ದು ನಿಲ್ಲುವುದರೊಳಗೆ ನಾಯಿಗಳು ಬೆಕ್ಕಿಗೂ ಮನೆಗೂ ನಡುವೆ ಆಗಿದ್ದವು. ಜೀರಗಿಗೆ ಉಳಿದದ್ದು ಒಂದೇ ದಿಕ್ಕು, ಆ ಗೋಡೆ. ಅದು ಓಡಿತು. ಬುಡದಲ್ಲಿ ಒಂದು ಕ್ಷಣ ತಡೆಯಿತು.

"ಜಿಗೀ! ಜಿಗಿಯವಾ ನಮ್ಮವ್ವಾ!" ಎಂದು ಯಮುನಾಬಾಯಿ ಅರಳೆಯ ಬುಟ್ಟಿಯನ್ನೇ ನಾಯಿಗಳ ಮೇಲೆ ಎಸೆದಳು.

ಜೀರಗಿ ಜಿಗಿಯಿತು. ಮುಂಗಾಲು ಗೋಡೆಯ ತಲೆಯನ್ನು ಹಿಡಿದವು. ಹಿಂಗಾಲು ಜಾರಿದವು, ಕೆರೆದವು, ಗಾರೆ ಉದುರಿತು. ಕೆಳಗೆ ಒಂದು ನಾಯಿ ಮೇಲೆ ಹಾರಿ ಬಾಯಿ ತೆರೆಯಿತು. ಬೆಕ್ಕಿನ ಮೈ ಒಮ್ಮೆ ಸೆಳೆದುಕೊಂಡಿತು, ಹಿಂಗಾಲು ಕಲ್ಲಿಗೆ ಊರಿತು, ಮೇಲೆ ಹೋಯಿತು. ನಾಯಿಯ ಬಾಯಿಗೆ ಬರೀ ಗಾಳಿ ಸಿಕ್ಕಿತು.

ಅಷ್ಟರಲ್ಲಿ ಅಂಬುಬಾಯಿ ಕೈಗೆ ಸಿಕ್ಕ ಕೊಡದ ನೀರನ್ನು ಎರಚಿದಳು, ನಾಯಿಗಳು ಬಂದ ದಾರಿ ಹಿಡಿದವು. ಜೀರಗಿ ಗೋಡೆಯ ಮೇಲೆ ಕುಳಿತು ಅವು ಹೋಗುವುದನ್ನು ನೋಡಿತು. ಆಮೇಲೆ, ಇಷ್ಟಕ್ಕೆಲ್ಲ ಏನು ಗದ್ದಲ ಎನ್ನುವಂತೆ, ಕುತ್ತಿಗೆ ಪೂರಾ ತಿರುಗಿಸಿ ತನ್ನ ಬೆನ್ನನ್ನು ಬಾಲದ ಬುಡದವರೆಗೆ ನೆಕ್ಕಿಕೊಂಡಿತು. ನೆಕ್ಕಿ ಮುಗಿಸಿ, ಗೋಡೆಯ ಆಚೆ ಇಳಿದು ಕಣ್ಮರೆಯಾಯಿತು.

ಅಂಬುಬಾಯಿ ಒದ್ದೆ ನೆಲದಲ್ಲೇ ಕುಳಿತುಬಿಟ್ಟಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಯಮುನಾಬಾಯಿ ಪಕ್ಕಕ್ಕೆ ಬಂದು ಅವಳ ಭುಜ ಹಿಡಿದಳು. ಮುದುಕಿಯ ಕಣ್ಣೂ ತೊಯ್ದಿತ್ತು.

"ಅಂಬೂ, ಇವತ್ತೊಂದ ದಿನಾ. ಒಂದ ಮಿಳ್ಳಿ ತುಪ್ಪ. ಹಬ್ಬ ಅಂತ ತಿಳಕೋ."

"ಇವತ್ತ ಯಾರ ವಾರ ಮಾವಶಿ?"

ಮುದುಕಿ ಗೋಡೆಯ ಕಡೆ ನೋಡಿದಳು. "ಶನಿವಾರ," ಎಂದಳು ತಡೆದು ತಡೆದು. "ಮಾಸುಮಬೀದು."

ಅದೇ ಹೊತ್ತಿಗೆ ಗೋಡೆಯ ಆಚೆಯಿಂದ ಮಾಸುಮಬಿಯ ಕೂಗು ಕೇಳಿತು. "ಅಕ್ಕೋರ! ಓ ಅಕ್ಕೋರ! ನಿಮ್ಮ ಜೀರಗಿ ತಾನ ಬಂದೈತ್ರಿ, ಗ್ವಾಡಿ ಜಿಗದು! ಊಟಾ ಕೇಳಾಕತ್ತೈತಿ ನೋಡ್ರಿ!"

ಅಂಬುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮಾವಶಿಯ ಕೈ ಹಿಡಿದು ಎದ್ದು ನಿಂತಳು. ಆಮೇಲೆ ಬೆಟಗೇರಿಯ ಶಾಲೆಯ ಕೊನೆಯ ಸಾಲಿಗೂ ಕೇಳಿಸುವ ಆ ದನಿಯಲ್ಲಿ, ಒಡೆದು ಒಡೆದು ಬರುತ್ತಿದ್ದರೂ, ಗೋಡೆಯಾಚೆಗೆ ಕೂಗಿದಳು.

"ಹಾಕ್ರಿ ಮಾಸುಮಬೀ! ಆದ್ರ ಅರ್ಧ ವಾಟಗಾ! ಅರ್ಧ ಅಷ್ಟ!"